ಹದಿನೆಂಟನೆಯ ಉಗುರು

ಸಿಂಹ ಸತ್ತರೆ ಅದಕ್ಕೆ ಹದಿನೆಂಟು ಉಗುರು ಇರಬೇಕು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಸುಡುವ ಮೊದಲು ಒಂದೊಂದು ಬೆರಳನ್ನೂ ಒತ್ತಿ, ಉಗುರನ್ನು ಹೊರಗೆ ತಂದು, ಗಟ್ಟಿಯಾಗಿ ಎಣಿಸಿ ಡಾಕ್ಟರಿಗೆ ಹೇಳಬೇಕು. ಸಿಂಹದ ಉಗುರಿಗೆ ಬೆಳ್ಳಿ ಕಟ್ಟಿಸಿ ಕೊರಳಿಗೆ ಹಾಕಿಕೊಳ್ಳುವ ಹುಚ್ಚರು ಈ ಲೋಕದಲ್ಲಿ ಇರುವ ತನಕ ಈ ಎಣಿಕೆ ತಪ್ಪುವುದಿಲ್ಲ. ಗೀರ್ ಕಾಡಿನ ಆ ಭಾಗದಲ್ಲಿ ಎಣಿಸುವ ಕೆಲಸ ಮುರಾದನದು. ಅರಣ್ಯ ಇಲಾಖೆಯ ಹೆಜ್ಜೆಗಾರನಾಗಿ ಮೂವತ್ತೊಂದು ವರ್ಷ ಸಿಂಹದ ಹೆಜ್ಜೆ ಹಿಡಿದು ನಡೆದ ಸಿದ್ದಿ ಅವನು. ನಿವೃತ್ತಿಗೆ ಇನ್ನು ಎಂಟು ತಿಂಗಳು ಉಳಿದಿತ್ತು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಮೂರೇ ವಾರದಲ್ಲಿ, ಒಂಬತ್ತು ಸಲ ಹದಿನೆಂಟರ ತನಕ ಎಣಿಸಿದ್ದ.

ಹಿಂದೆ ಸಿಂಹಗಳು ಸಾಯುತ್ತಿರಲಿಲ್ಲ ಅಂತಲ್ಲ. ಗಂಡು ಗಂಡು ಕಚ್ಚಾಡಿ ಬೆನ್ನಿನ ಗಾಯಕ್ಕೆ ಹುಳ ಬಿದ್ದು ಸಾಯುತ್ತಿದ್ದವು. ಎಮ್ಮೆಯ ಕೊಂಬು ಪಕ್ಕೆಗೆ ಇಳಿದು ಸಾಯುತ್ತಿದ್ದವು. ಜಿಂಕೆ ಅಟ್ಟಿಸಿಕೊಂಡು ಬಂದು ಹೊಲದ ಕಟ್ಟೆಯಿಲ್ಲದ ಬಾವಿಗೆ ಬೀಳುತ್ತಿದ್ದವು. ಆ ಸಾವುಗಳಿಗೆಲ್ಲ ಒಂದು ಕಾರಣ ಕಣ್ಣಿಗೆ ಕಾಣುತ್ತಿತ್ತು, ಬೈಯುವುದಕ್ಕೆ ಯಾರಾದರೊಬ್ಬರು ಸಿಗುತ್ತಿದ್ದರು. ಈಗಿನದ್ದು ಹಾಗಲ್ಲ. ಮೈಮೇಲೆ ಒಂದು ಗೀರೂ ಇಲ್ಲ. ಮೂಗು ಸೋರುತ್ತದೆ, ಕಣ್ಣಿಗೆ ಪಿಸುರು ಕಟ್ಟುತ್ತದೆ, ನಡೆಯುವಾಗ ಕಾಲು ತಡವರಿಸುತ್ತದೆ, ದವಡೆ ತನ್ನಷ್ಟಕ್ಕೆ ಅದುರುತ್ತದೆ. ನಾಲ್ಕೈದು ದಿನಕ್ಕೆ ಮುಗಿಯಿತು. ಬಿದಿರಿಗೆ ತಾಡಪತ್ರಿ ಕಟ್ಟಿ, ನಾಲ್ವರು ಹೆಗಲು ಕೊಟ್ಟು ಜೀಪಿನ ತನಕ ಹೊರಬೇಕು. ಮುರಾದನ ಬಲ ಹೆಗಲಿನ ಚರ್ಮ ಸುಲಿದಿತ್ತು. ಮನೆಯಲ್ಲಿ ಹೆಂಡತಿ ಎಣ್ಣೆ ಹಚ್ಚಲು ಬಂದರೆ, ಬೇಡ ಮಾರಾಯಿತಿ, ನಾಳೆ ಮತ್ತೆ ಸುಲಿಯುತ್ತದೆ ಅನ್ನುತ್ತಿದ್ದ.

ಇದು ನಾಯಿಗಳ ರೋಗ ಅಂತ ಡಾಕ್ಟರ್ ವಸಾವಡಾ ಹೇಳಿದ್ದರು. ಇಲಾಖೆಯ ಪಶುವೈದ್ಯೆ, ನಲವತ್ತರ ಹೆಂಗಸು, ಎಲ್ಲರೂ ಅವರನ್ನು ಡಾಕ್ಟರ್ ಬೆನ್, ಅಂದರೆ ಡಾಕ್ಟರಕ್ಕ, ಅನ್ನುತ್ತಿದ್ದರು. ಕಾಡಿನಂಚಿನ ಹಳ್ಳಿಗಳ ನಾಯಿಗಳು ಕೆಮ್ಮುತ್ತಿವೆ, ಸತ್ತ ದನವನ್ನು ಹಗಲು ನಾಯಿ ತಿನ್ನುತ್ತದೆ, ರಾತ್ರಿ ಸಿಂಹ ತಿನ್ನುತ್ತದೆ, ಎಂಜಲಿನಲ್ಲಿ ರೋಗ ದಾಟುತ್ತದೆ ಅಂತ ಅವರು ಒಂದೊಂದು ನೇಸಿಗೂ ಹೋಗಿ ತಿಳಿಸಿ ಹೇಳಿದ್ದರು. ನೇಸ್ ಅಂದರೆ ಕಾಡಿನೊಳಗಿನ ಎಮ್ಮೆ ಸಾಕುವವರ ಹಟ್ಟಿ. ಅಲ್ಲಿ ಇನ್ನು ಮುಂದೆ ಎಮ್ಮೆ ಸತ್ತರೆ ಎಳೆದು ಹಾಕುವಂತಿಲ್ಲ. ಅದೇ ದಿನ ಆಳದ ಗುಂಡಿ ತೋಡಿ, ಸುಣ್ಣ ಸುರಿದು ಹೂಳಬೇಕು. ಹೂಳಿಸುವ ಹೊಣೆ ಆಯಾ ಭಾಗದ ಹೆಜ್ಜೆಗಾರನದು. ಮೇಲಿನಿಂದ ಇನ್ನೊಂದು ಮಾತೂ ಬಂದಿತ್ತು. ಯಾವ ನೇಸ್ ಈ ಮಾತು ಮೀರುತ್ತದೋ ಆ ನೇಸನ್ನು ಕಾಡಿನಿಂದ ಎಬ್ಬಿಸಿ ಹೆದ್ದಾರಿ ಪಕ್ಕದ ಬಯಲಿಗೆ ಕಳಿಸುತ್ತಾರೆ. ಆ ಬಯಲಿಗೆ ಹೋದವರ ಎಮ್ಮೆಗಳು ಮೇವಿಲ್ಲದೆ ಏನಾದವು ಅಂತ ಎಲ್ಲರಿಗೂ ಗೊತ್ತಿತ್ತು.

ಮುರಾದನ ಭಾಗದಲ್ಲಿ ಇದ್ದದ್ದು ಕರಮದಿ ನೇಸ್ ಒಂದೇ. ನಾಲ್ಕು ಗುಡಿಸಲು, ಸುತ್ತ ಮುಳ್ಳಿನ ಬೇಲಿ, ಅರವತ್ತು ಎಮ್ಮೆ. ಯಜಮಾನಿ ಜಾಲು ಆಯಿ. ಎಮ್ಮೆ ಸಾಕುವ ಚಾರಣ ಕುಲದ ಮುದುಕಿ, ಎಪ್ಪತ್ತು ದಾಟಿದ್ದಳು. ಕಪ್ಪು ಉಣ್ಣೆಯ ಹೊದಿಕೆ, ಕಿವಿಯ ಹಾಲೆ ಭುಜಕ್ಕೆ ಮುಟ್ಟುವಷ್ಟು ಭಾರದ ಓಲೆ, ಅದಕ್ಕಿಂತ ಭಾರದ ನಾಲಗೆ. ಮುರಾದ ಕೆಲಸಕ್ಕೆ ಸೇರಿದ ಮೊದಲ ದಿನವೇ ಬಸಿಯಲ್ಲಿ ಚಹಾ ಸುರಿದು ಕೊಟ್ಟು, ಈ ಕಡ್ಡಿ ಹಿಡ್ಕೊಂಡು ನೀನು ಸಿಂಹ ಕಾಯ್ತೀಯೋ, ಸಿಂಹವೇ ನಿನ್ನ ಕಾಯತ್ತೋ ಅಂತ ಕೇಳಿದ್ದಳು. ಮೂವತ್ತೊಂದು ವರ್ಷವಾದರೂ ಆ ಪ್ರಶ್ನೆಯನ್ನು ಬಿಟ್ಟಿರಲಿಲ್ಲ.

ನೇಸಿನ ಹಿಂದಿನ ಹಳ್ಳದ ಪೊದೆಯಲ್ಲಿ ಕಾನಕಟ್ಟಿ ಇದ್ದಳು. ಎಡಗಿವಿ ಹರಿದ ಹೆಣ್ಣು ಸಿಂಹ, ಆ ಕಡೆಯ ಮಾತಿನಲ್ಲಿ ಕಾನ್ ಅಂದರೆ ಕಿವಿ, ಅದಕ್ಕೇ ಆ ಹೆಸರು. ಅವಳ ತಾಯಿಯ ಹೆಜ್ಜೆಯನ್ನೂ ಮುರಾದ ಹಿಡಿದಿದ್ದ, ಅಜ್ಜಿಯ ಹೆಜ್ಜೆಯನ್ನೂ ಹಿಡಿದಿದ್ದ. ಅವಳಿಗೆ ಆಗ ಐದು ತಿಂಗಳ ಎರಡು ಮರಿ. ಎಲ್ಲೋ ಮುಳ್ಳುಹಂದಿಯ ಮೇಲೆ ಕೈ ಹಾಕಿ, ಬಲ ಮುಂಗಾಲಿನ ಬೆರಳ ಸಂದಿಗೆ ಮುಳ್ಳು ಹೊಕ್ಕಿಸಿಕೊಂಡಿದ್ದಳು. ಪಾದ ಊದಿ ಕೀವು ಕಟ್ಟಿ, ನೆಲಕ್ಕೆ ಊರಲಾಗದೆ ಮೂರು ಕಾಲಲ್ಲಿ ಕುಂಟುತ್ತಿದ್ದಳು. ಮೂರು ಕಾಲಿನ ಸಿಂಹಕ್ಕೆ ಜಿಂಕೆ ಸಿಗುತ್ತದೆಯೇ? ಆರು ದಿನ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮರಿಗಳು ಬತ್ತಿದ ಮೊಲೆ ಎಳೆದು ಎಳೆದು ಅಳುತ್ತಿದ್ದವು.

ಗಾಯ ಕಂಡ ಕೂಡಲೇ ಡಾಕ್ಟರಿಗೆ ಹೇಳಬೇಕು ಅನ್ನುವುದು ನಿಯಮ. ಮುರಾದ ಹೇಳಲಿಲ್ಲ. ಆ ಮೂರು ವಾರದಲ್ಲಿ ಬೋನು ಹತ್ತಿ ಆಸ್ಪತ್ರೆಗೆ ಹೋದ ಒಂದು ಸಿಂಹವೂ ತಿರುಗಿ ಬಂದಿರಲಿಲ್ಲ. ಹೋಗುವಾಗ ತಲೆಯೆತ್ತಿ ಗುರುಗುಟ್ಟಿದ್ದನ್ನು ನಾಲ್ಕನೇ ದಿನ ಹೋಗಿ ಎಣಿಸಿದ್ದು ಇವನೇ. ಕಾನಕಟ್ಟಿಗೆ ರೋಗವಿಲ್ಲ, ಬರೀ ಮುಳ್ಳು. ಅವಳನ್ನು ರೋಗದವುಗಳ ಪಕ್ಕದ ಬೋನಿಗೆ ಹಾಕುತ್ತಾರೆ, ಮರಿಗಳನ್ನು ಬೇರೆ ಮಾಡುತ್ತಾರೆ, ಅಲ್ಲಿಗೆ ಮೂರೂ ಹೋದವು ಅಂತ ಅವನ ಲೆಕ್ಕ. ಮುಳ್ಳು ತಾನಾಗಿಯೇ ಕೊಳೆತು ಹೊರಬರುವುದನ್ನು ಅವನು ಹಿಂದೆ ಎರಡು ಸಲ ನೋಡಿದ್ದ. ಒಂದು ವಾರ ಹೊಟ್ಟೆಗೆ ಸಿಕ್ಕರೆ ಬದುಕುತ್ತಾಳೆ. ಆದರೆ ಹೊಟ್ಟೆಗೆ ಎಲ್ಲಿಂದ ತರುವುದು?

ಹೀಗಿರುವಾಗ ಜಾಲು ಆಯಿಯ ಎಮ್ಮೆ ಸತ್ತಿತು. ಹನ್ನೊಂದು ಕರು ಹಾಕಿದ ಹಳೆಯ ಎಮ್ಮೆ, ಬೆಳಿಗ್ಗೆ ಹಾವು ಕಚ್ಚಿ ಮಧ್ಯಾಹ್ನದೊಳಗೆ ಹೋಯಿತು. ಮುರಾದ ಸುಣ್ಣದ ಚೀಲ ಹೊತ್ತು ಬಂದ. ಆಯಿಯ ಮಗ ಕರಶನ್ ಬೇಲಿಯ ಹೊರಗೆ ಎದೆಮಟ್ಟದ ಗುಂಡಿ ತೋಡಿದ. ಎಮ್ಮೆಯನ್ನು ದೂಡುವುದಷ್ಟೇ ಬಾಕಿ. ಆಗ ಮುದುಕಿ ಗುಂಡಿಯ ಅಂಚಿಗೆ ಬಂದು ಕೂತುಬಿಟ್ಟಳು.

ಅವಳಿಗೆ ಸಿಟ್ಟಿರಲಿಲ್ಲ, ದಣಿವಿತ್ತು. ಕೂಗಲೂ ಇಲ್ಲ. ಈ ಕಾಡಿಗೆ ಬಂದಾಗಿನಿಂದ ತಮಗೂ ಸಿಂಹಕ್ಕೂ ಒಂದು ಮಾತಿದೆ, ಬದುಕಿದ್ದು ನಮ್ಮದು, ಸತ್ತದ್ದು ಅವನದು ಅಂತ ಹೇಳಿದಳು. ಅವನೂ ಒಮ್ಮೊಮ್ಮೆ ಬದುಕಿದ್ದನ್ನೇ ಹೊತ್ತುಕೊಂಡು ಹೋಗುತ್ತಾನೆ, ಅದು ಬೇರೆ ವಿಷಯ, ಅವನು ಕಳ್ಳ, ನಾವಲ್ಲವಲ್ಲ ಅಂದಳು. ಗಂಡ ಸತ್ತಾಗ ಮೂರು ಹಿಡಿ ಮಣ್ಣು ಹಾಕಿದ ಕೈ ಇದು, ಇವತ್ತು ಏಳುತ್ತಿಲ್ಲ ಅಂದಳು.

"ಸತ್ತ ಎಮ್ಮೇನ ಮಣ್ಣಿಗೆ ಹಾಕೋದು ಅಂದ್ರೆ ಅವನ ತಟ್ಟೆಗೆ ಮಣ್ಣು ಹಾಕಿದ ಹಾಗೆ ಕಣೋ ಮುರಾದ್," ಅಂದಳು. "ಹಿಂದ್ಗಡೆ ಹಳ್ಳದಲ್ಲಿ ಬಾಣಂತಿ ಉಪವಾಸ ಬಿದ್ದಿದಾಳೆ. ಮರಿ ಅಳೋದು ನಂಗೂ ಕೇಳ್ಸತ್ತೆ. ನಿಂಗೆ ಕೇಳ್ಸಲ್ವಾ?"

ಕೇಳಿಸುತ್ತಿತ್ತು. ಅವನಿಗೆ ಮನೆಯಲ್ಲಿ ಮಲಗಿದಾಗಲೂ ಅದೇ ಕೇಳಿಸುತ್ತಿತ್ತು. ಮುರಾದ ಬೇಲಿಯ ಕಡೆ ನೋಡಿದ. ನೇಸಿನ ಎರಡು ನಾಯಿಗಳನ್ನೂ ಕಟ್ಟಿಹಾಕಿತ್ತು. ಸೂಜಿ ಹಾಕಿಸಿದ ನಾಯಿಗಳು, ಕೆಮ್ಮಿಲ್ಲ, ಮೂಗು ಸೋರುತ್ತಿರಲಿಲ್ಲ. ಹಳ್ಳಿ ಇಲ್ಲಿಂದ ಆರು ಮೈಲಿ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಅವನು ಅಲ್ಲಿ ನಿಂತಿದ್ದ. ಒಂಬತ್ತು ಹೆಣ ಹೊತ್ತ ಹೆಗಲಿಗೆ ಹತ್ತನೆಯದು ಬೇಡವಾಗಿತ್ತು. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

"ಎಳೀರಿ," ಅಂದ. "ಹಳ್ಳಕ್ಕೆ ಎಳೀರಿ. ಗುಂಡಿ ನಾನು ನೋಡ್ಕೊಳ್ತೀನಿ."

ಕರಶನ್ ಮತ್ತು ಅವನ ಚಿಕ್ಕಪ್ಪ ಹಗ್ಗ ಕಟ್ಟಿ ಎಳೆದರು. ಮುರಾದನೂ ಒಂದು ಕೈ ಹಾಕಿದ. ಆಮೇಲೆ ಖಾಲಿ ಗುಂಡಿಯ ಮೇಲೆ ಕರಮದಿ ಅನ್ನುವ ಮುಳ್ಳುಗಿಡದ ಕೊಂಬೆಗಳನ್ನು ಅಡ್ಡ ಹಾಸಿ, ಮೇಲೆ ಮಣ್ಣು ಹರಡಿ ದಿಬ್ಬ ಮಾಡಿ, ಸುಣ್ಣ ಚೆಲ್ಲಿದ. ನೋಡಿದವರು ಹೂಳಿದೆ ಅನ್ನಬೇಕು, ಹಾಗೆ ಮಾಡಿದ. ಸಂಜೆ ಡಾಕ್ಟರ್ ಬೆನ್‌ಗೆ, ಕರಮದಿ ನೇಸಿನ ಎಮ್ಮೆ ಹೂಳಿಸಿದೆ ಅಂತ ಹೇಳಿದ. ಅವರು ಪಾಪ, ಬೇರೊಂದು ಹೆಣದ ಮುಂದೆ ಕೂತಿದ್ದವರು, ತಲೆಯೆತ್ತದೆ ಒಳ್ಳೇದಾಯ್ತು ಅಂದರು.

ಆ ನಾಲ್ಕು ದಿನ ಮುರಾದನ ಆಯಸ್ಸಿನಲ್ಲಿ ಒಳ್ಳೆಯ ದಿನಗಳು. ಕಾನಕಟ್ಟಿ ತಿಂದಳು. ಮರಿಗಳು ಎಮ್ಮೆಯ ಪಕ್ಕೆಯೊಳಗೆ ತಲೆ ತೂರಿಸಿ, ಹೊಟ್ಟೆ ಉಬ್ಬಿಸಿಕೊಂಡು, ತಾಯಿಯ ಮೈಮೇಲೆ ಹತ್ತಿ ಇಳಿದವು. ಮೂರನೆಯ ದಿನ ಅವಳು ನಾಲ್ಕನೆಯ ಕಾಲನ್ನು ನೆಲಕ್ಕೆ ಊರಿದಳು. ನಾಲ್ಕನೆಯ ದಿನ, ಅವಳು ನೀರಿಗೆ ಹೋದ ಹೊತ್ತು ನೋಡಿ, ಮುರಾದ ಎಮ್ಮೆಯ ಬಳಿ ಹೋದ. ಕೀವು ರಕ್ತ ಹತ್ತಿದ ಮುಳ್ಳಿನ ತುಂಡೊಂದು ಕೆಸರಲ್ಲಿ ಬಿದ್ದಿತ್ತು. ಅದರ ಪಕ್ಕದಲ್ಲೇ ಒಂದು ಉಗುರು, ಬುಡ ಸಮೇತ. ಬೆರಳು ಕೊಳೆತು ಉಗುರೇ ಕಳಚಿಕೊಂಡಿತ್ತು, ಅದರ ಜೊತೆ ಮುಳ್ಳೂ ಹೊರಬಂದಿತ್ತು. ಬದುಕಿದಳು ಅಂತ ಅವನಿಗೆ ಅಲ್ಲೇ ಕೂತು ಅಳು ಬಂತು.

ಬಿದ್ದ ಉಗುರನ್ನೂ ಒಪ್ಪಿಸಬೇಕು. ಒಪ್ಪಿಸಿದರೆ ಎಲ್ಲಿ ಸಿಕ್ಕಿತು ಅಂತ ಕೇಳುತ್ತಾರೆ. ಎಸೆಯುವುದಕ್ಕೆ ಮನಸ್ಸು ಒಪ್ಪಲಿಲ್ಲ, ಬಾಯಲ್ಲಿಟ್ಟ ಬಿಸಿ ತುಪ್ಪದಂತಾಯಿತು. ತಂಬಾಕಿನ ಡಬ್ಬಿಯಲ್ಲಿ ಹಾಕಿ ಜೇಬಿಗಿಟ್ಟ. ಹಾಗೆ ಏಳುವಾಗ ಎಮ್ಮೆಯ ತಲೆಯ ಕಡೆಯ ಕೆಸರು ಕಣ್ಣಿಗೆ ಬಿತ್ತು. ಅಲ್ಲಿ ಸಣ್ಣ ಹೆಜ್ಜೆಗಳು ಇದ್ದವು. ಬೆರಳಿನ ಮುಂದೆ ಉಗುರು ಒತ್ತಿದ ಗುರುತು. ಬೆಕ್ಕಿನ ಜಾತಿ ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುತ್ತದೆ, ನಾಯಿ ಎಳೆದುಕೊಳ್ಳುವುದಿಲ್ಲ. ಮೂರು ನಾಯಿ, ಹಳ್ಳಿಯ ಕಡೆಯಿಂದ ಹಳ್ಳ ಹಿಡಿದು ಬಂದು, ತಿಂದು, ಅದೇ ದಾರಿಯಲ್ಲಿ ಹೋಗಿದ್ದವು. ವಾಸನೆಗೆ ಆರು ಮೈಲಿ ಏನು ಮಹಾ ದೂರ. ಮೂವತ್ತೊಂದು ವರ್ಷ ಹೆಜ್ಜೆ ಓದಿದ ಮನುಷ್ಯ ಇಷ್ಟನ್ನು ಮೊದಲೇ ಯೋಚಿಸಲಿಲ್ಲವಲ್ಲ ಅಂತ ತನ್ನ ತಲೆಗೆ ತಾನೇ ಹೊಡೆದುಕೊಂಡ. ಅವತ್ತೇ ಕರಶನ್‌ನನ್ನು ಕರೆದ, ಇಬ್ಬರೂ ಸೇರಿ ಉಳಿದ ಎಲುಬು ಚರ್ಮಗಳನ್ನು ಸುಟ್ಟರು. ಮಾಡಬೇಕಾದ ದಿನ ಮಾಡಲಿಲ್ಲ, ಆಮೇಲೆ ಮಾಡಿ ಏನು ಬಂತು.

ಹನ್ನೆರಡು ದಿನ ಅವನು ಪ್ರತಿ ಬೆಳಿಗ್ಗೆ ಕಾನಕಟ್ಟಿಯ ಮೂಗು ನೋಡಿದ. ಜೊತೆಯ ಹೆಜ್ಜೆಗಾರ ದೇವಶಿ ಅವನನ್ನು ಗೇಲಿ ಮಾಡುತ್ತಿದ್ದ. ಮನೆಯಾಕೆಯ ಮುಖ ಇಷ್ಟು ನೋಡಿದ್ದರೆ ಆಕೆ ಎರಡು ರೊಟ್ಟಿ ಹೆಚ್ಚಿಗೆ ಹಾಕುತ್ತಿದ್ದಳು ಅನ್ನುತ್ತಿದ್ದ. ಮುರಾದ ನಗುತ್ತಿದ್ದ. ಹದಿಮೂರನೆಯ ದಿನ ಒಂದು ಮರಿ ಸೀನಿತು. ಅವನು ಅವತ್ತೇ ಓಡಿಹೋಗಿ ಡಾಕ್ಟರಿಗೆ ಹೇಳಿದ. ಮರಿಗಳಿಗೆ ಕಾಯಿಲೆ ಅಂದ, ಹೇಗೆ ಬಂತು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಎರಡೂ ಮರಿಗಳನ್ನು ಬುಟ್ಟಿಯಲ್ಲಿ ತೆಗೆದುಕೊಂಡು ಹೋದರು. ಒಂದು ದಾರಿಯಲ್ಲೇ ಸತ್ತಿತು, ಇನ್ನೊಂದು ಮರುದಿನ. ಕಾನಕಟ್ಟಿ ಮಾತ್ರ ಪೊದೆ ಬಿಟ್ಟು ಎಲ್ಲೋ ಹೋದವಳು ಮೂರು ದಿನ ಯಾರಿಗೂ ಸಿಗಲಿಲ್ಲ.

ಅವಳು ಬಂದದ್ದು ನೇಸಿಗೆ. ಹಾಡು ಹಗಲು ಹತ್ತು ಗಂಟೆಗೆ, ಬೇಲಿಯ ಹೊರಗಿನ ಗೋಬಳಿ ಮರದ ಕೆಳಗೆ ಬಂದು ಮಲಗಿದಳು. ಎಮ್ಮೆಗಳು ಕೂಗಲಿಲ್ಲ. ಅವಕ್ಕೂ ಗೊತ್ತಾಗಿರಬೇಕು. ಕರಶನ್ ಡಾಕ್ಟರಿಗೆ ಫೋನು ಮಾಡಲು ಗುಡ್ಡ ಹತ್ತಿದ. ಜಾಲು ಆಯಿ ಹಿತ್ತಾಳೆ ಬೋಗುಣಿಯಲ್ಲಿ ನೀರು ತುಂಬಿ, ಕೋಲಿನಿಂದ ಅವಳ ಮುಂದೆ ತಳ್ಳಿ, ಹತ್ತು ಮಾರು ದೂರದಲ್ಲಿ ಕೂತಳು. ಮುರಾದ ಬಂದಾಗ ಸಿಂಹಿಣಿಯ ದವಡೆ ಅದುರುತ್ತಿತ್ತು. ನೀರು ಹಾಗೆಯೇ ಇತ್ತು.

ಮುರಾದ ಆಯಿಯ ಪಕ್ಕದಲ್ಲಿ ಕೂತು ನಾಯಿಯ ಹೆಜ್ಜೆಯ ವಿಷಯ ಮೊದಲ ಸಲ ಹೇಳಿದ. ಮುದುಕಿ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ, ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು, ಮುದುಕಿಗೆ ಅರಳುಮರುಳು ಅಂತ ಹೇಳು, ನಿನ್ನ ಕೆಲಸ ಇನ್ನು ಎಂಟು ತಿಂಗಳು ಉಳಿದಿದೆ ಅಂದಳು. ನೆತ್ತಿಯ ಮೇಲೆ ಸೂರ್ಯ ಬರುವ ಹೊತ್ತಿಗೆ ಕಾನಕಟ್ಟಿಯ ಹೊಟ್ಟೆ ಏಳುವುದು ಇಳಿಯುವುದು ನಿಂತಿತು.

ಜೀಪು ಬಂತು. ಡಾಕ್ಟರ್ ಬೆನ್, ಅರಣ್ಯಾಧಿಕಾರಿ ಗೋಹಿಲ್ ಸಾಹೇಬರು, ದೇವಶಿ, ಇನ್ನಿಬ್ಬರು. ಡಾಕ್ಟರ್ ತಮ್ಮ ಕೆಲಸ ಮುಗಿಸಿ ಕೈತೊಳೆದರು. ಜೀಪು ಒಂದೇ, ದೂರ ಬಹಳ, ಹೆಣ ಇಲ್ಲೇ ಸುಡೋಣ ಅಂತ ಆಯಿತು. ದೇವಶಿ ಕಟ್ಟಿಗೆ ಒಟ್ಟಿದ. ಮುರಾದ ಮೊಣಕಾಲೂರಿ ಎಡ ಮುಂಗಾಲಿನಿಂದ ಶುರು ಮಾಡಿದ. ಬಲ ಮುಂಗಾಲಿಗೆ ಬಂದಾಗ ಅವನ ದನಿ ಇಳಿಯಿತು. ಹಿಂಗಾಲು ಮುಗಿಸಿ, "ಹದಿನೇಳು," ಅಂದ.

ಡಾಕ್ಟರ್ ಇನ್ನೊಂದು ಸಲ ಎಣಿಸಲು ಹೇಳಿದರು. ಮತ್ತೆ ಹದಿನೇಳೇ ಆಯಿತು. ಅವರೇ ಬಗ್ಗಿ ನೋಡಿ, ಬೆರಳಿನದು ಹಳೆಯ ಗಾಯ, ಮಾಯ್ದಿದೆ, ಉಗುರು ಎಂದೋ ಕಳಚಿದೆ ಅಂದರು. ಕಾಡಿನಲ್ಲಿ ಎಲ್ಲೋ ಬಿದ್ದಿರಬೇಕು ಅಂತ ದೇವಶಿ ಸೇರಿಸಿದ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಗೋಹಿಲ್ ಸಾಹೇಬರು, ಹೆಣ ಬಿದ್ದಿರುವುದು ನೇಸಿನ ಬೇಲಿಗೆ ಹತ್ತು ಹೆಜ್ಜೆಯಲ್ಲಿ, ಒಂದು ಉಗುರು ಇಲ್ಲ, ನಾನು ಹುಡುಕಿಸದೆ ಸಹಿ ಹಾಕುವಂತಿಲ್ಲ ಅಂದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಇಬ್ಬರು ಒಳಗೆ ಹೋದರು. ಸಜ್ಜೆಯ ಮಡಕೆಗಳನ್ನು ಬೋರಲು ಹಾಕಿದರು, ಕೌದಿಗಳನ್ನು ಕೊಡವಿದರು, ಆಯಿಯ ಮದುವೆಯ ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಒಂದೊಂದೇ ಬಟ್ಟೆ ತೆಗೆದರು. ಕರಶನ್‌ನ ಹೆಂಡತಿ ಮುಖ ತಿರುಗಿಸಿಕೊಂಡು ನಿಂತಳು. ಜಾಲು ಆಯಿ ಮಾತ್ರ ಕೂತಲ್ಲಿಂದ ಏಳಲಿಲ್ಲ. ಬರಿಗೈಯಲ್ಲಿ ಅವರು ವಾಪಸು ಬಂದರೂ ಉಗುರು ಕದ್ದವರು ಅನ್ನುವ ಹೆಸರು ನೇಸಿಗೆ ಅಂಟಿಕೊಳ್ಳುತ್ತದೆ, ಹೆದ್ದಾರಿಯ ಬಯಲಿಗೆ ಕಳಿಸಲು ಅಷ್ಟೇ ಸಾಕು ಅಂತ ಮುರಾದನಿಗೆ ಗೊತ್ತಿತ್ತು.

ಅವನು ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದ. ಉಗುರನ್ನು ಅಂಗಿಗೆ ಒರೆಸಿ, ಕಾನಕಟ್ಟಿಯ ಬಲಗಾಲಿನ ಪಕ್ಕ ಇಟ್ಟ.

"ಹದಿನೆಂಟು," ಅಂದ.

ಮುರಾದ ಎಲ್ಲವನ್ನೂ ಹೇಳಿದ. ಮುಳ್ಳು, ಉಪವಾಸ, ಎಮ್ಮೆ, ಹಗ್ಗ, ಸುಣ್ಣ ಚೆಲ್ಲಿದ ಖಾಲಿ ದಿಬ್ಬ, ನಾಯಿಯ ಹೆಜ್ಜೆ. ನಡುವೆ ಜಾಲು ಆಯಿ ಬಾಯಿ ತೆರೆದಳು. ಆಯಿ, ನೀವು ಸುಮ್ನಿರಿ ಅಂತ ಅವಳ ಕಡೆ ನೋಡದೆಯೇ ಹೇಳಿದ. "ಅವರು ಹೂಳೋಕೆ ಗುಂಡಿ ತೋಡಿದ್ರು ಸಾಹೇಬ್ರೇ. ಎಳೀರಿ ಅಂದೋನು ನಾನು. ನೇಸಿನೋರದ್ದು ಇದ್ರಲ್ಲಿ ಏನೂ ಇಲ್ಲ. ನನ್ನ ಹೆಸರು ಬರ್ಕೊಳ್ಳಿ."

ಗೋಹಿಲ್ ಸಾಹೇಬರು ಬರೆದುಕೊಂಡರು. ಡಾಕ್ಟರ್ ಬೆನ್ ಆಯಿಯ ಹಗ್ಗದ ಮಂಚದ ಮೇಲೆ ಕೂತರು. ಅವರ ಕಣ್ಣೂ ವಾರಗಟ್ಟಲೆ ನಿದ್ದೆ ಕಂಡಿರಲಿಲ್ಲ. ಬೈಯುತ್ತಾರೆ ಅಂತ ಮುರಾದ ಕಾದ. ಬೈದಿದ್ದರೆ ಚೆನ್ನಾಗಿತ್ತು.

"ನಂಗೆ ಯಾಕೆ ಹೇಳ್ಲಿಲ್ಲ ಮುರಾದ್‌ಭಾಯಿ?" ಅಂತ ಕೇಳಿದರು.

"ಬೋನಿಗೆ ಹಾಕ್ತೀರಿ ಅಂತ. ಹೋದದ್ದು ಒಂದೂ ವಾಪಸ್ ಬರ್ಲಿಲ್ಲ ಬೆನ್."

"ಯಾಕೆ ಬೋನು? ಮುಳ್ಳು ತಾನೇ. ಇಲ್ಲೇ, ಈ ಮರದ ಕೆಳಗೇ ಸೂಜಿ ಹೊಡೆದು ಮಲಗಿಸ್ತಿದ್ದೆ. ಹತ್ತು ನಿಮಿಷದ ಕೆಲ್ಸ. ಎದ್ದು ಮರಿ ಹತ್ರ ಹೋಗ್ತಿದ್ಲು."

ಮುಳ್ಳು ಕಂಡ ದಿನ ಅವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು, ಆ ಒಂದು ಮಾತು ಮುರಾದ ಕೇಳಿರಲಿಲ್ಲ. ಆಮೇಲೆ ಅವನೇ ಕಾನಕಟ್ಟಿಯ ತಲೆಯ ಕಡೆ ಹಿಡಿದು ಕಟ್ಟಿಗೆಯ ಮೇಲೆ ಮಲಗಿಸಿದ. ಬೆಂಕಿ ದೇವಶಿ ಇಟ್ಟ.

ಸುಟ್ಟ ಬೂದಿಯನ್ನು ಹೂಳಬೇಕು, ಅದೂ ನಿಯಮ. ಇಳಿಹೊತ್ತಿಗೆ ಬೂದಿ ತಣ್ಣಗಾಯಿತು. ಗುಂಡಿ ತೋಡಲು ಒಬ್ಬ ಸಲಿಕೆ ತಂದ. ಬೇಡ ಅಂತ ಮುರಾದ ಹೇಳಿದ. ಬೇಲಿಯ ಪಕ್ಕದ ದಿಬ್ಬಕ್ಕೆ ಹೋಗಿ, ಸುಣ್ಣದ ಮಣ್ಣು ಸರಿಸಿ, ಒಣಗಿದ ಕರಮದಿ ಕೊಂಬೆಗಳನ್ನು ಎತ್ತಿ ಬದಿಗಿಟ್ಟ. ಎದೆಮಟ್ಟದ ಗುಂಡಿ ಕರಶನ್ ತೋಡಿದ ಹಾಗೇ ಇತ್ತು. ಬೂದಿಯನ್ನು ಅದಕ್ಕೆ ಸುರಿದರು. ಹದಿನೆಂಟು ಉಗುರು ಸುಟ್ಟು ಕರಕಾಗಿ ಅದರೊಳಗೆ ಎಲ್ಲೋ ಇದ್ದವು.

ಜಾಲು ಆಯಿ ಕೋಲೂರಿಕೊಂಡು ಬಂದು, ಅವತ್ತು ಕೂತಿದ್ದ ಅದೇ ಅಂಚಿನಲ್ಲಿ ಕೂತಳು. ಮಣ್ಣು ತೆಗೆದುಕೊಂಡಳು. ಅವತ್ತು ಏಳದ ಕೈ ಇವತ್ತು ಎದ್ದಿತು. ಮೂರು ಹಿಡಿ ಹಾಕಿದಳು.

"ತಿನ್ಲಿ ಅಂತ ಕೊಟ್ಟಿದ್ದು ಕಣೇ ತಾಯಿ," ಅಂದಳು.

ಮುರಾದ ಮೂವತ್ತೊಂದು ವರ್ಷ ಹಿಡಿದ ಇಲಾಖೆಯ ಕೋಲನ್ನು ಗೋಹಿಲ್ ಸಾಹೇಬರ ಜೀಪಿನಲ್ಲಿ ಇಟ್ಟು ಬಂದ. ಆಮೇಲೆ ಸಲಿಕೆ ತೆಗೆದುಕೊಂಡು ಉಳಿದ ಮಣ್ಣನ್ನು ಗುಂಡಿಗೆ ಎಳೆದ. ಈ ಸಲ ತಳದಿಂದ ತುಂಬಿಸಿಕೊಂಡು ಬಂದ, ಕಾಲಿನಿಂದ ತುಳಿದು ತುಳಿದು ಗಟ್ಟಿ ಮಾಡಿದ.